ಡಿವಿಡಿಯೋ, ನೆಟ್ಟೋ? ಲಿನಕ್ಸ್ ಹಾಕುವ ಎರಡೂ ದಾರಿಗಳ ಬಗ್ಗೆ ನನ್ನ ವಿಮರ್ಶೆ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ, ಜಗಳ ಆಮೇಲೆ ಆಡೋಣ. ಹೊಸದಾಗಿ ಲಿನಕ್ಸ್ ಹಾಕುವುದಾದರೆ ಪೂರ್ತಿ ಇಮೇಜ್ (ಡಿಸ್ಕ್‌ನಲ್ಲಿ ಇರಬೇಕಾದದ್ದೆಲ್ಲ ಸೇರಿದ ಒಂದೇ ಫೈಲ್, ಐಎಸ್‌ಒ ಅಂತಲೂ ಅನ್ನುತ್ತಾರೆ) ಇಳಿಸಿಕೊಂಡು ಅದರಿಂದಲೇ ಹಾಕಿ. ಈಗಾಗಲೇ ಇರುವುದನ್ನು ಮುಂದಿನ ಆವೃತ್ತಿಗೆ ಏರಿಸುವುದಾದರೆ ನೆಟ್‌ನಿಂದಲೇ ಏರಿಸಿ. ಉಲ್ಟಾ ಮಾಡಿದರೆ ಕೆಲಸವೇ ಆಗುವುದಿಲ್ಲ ಅಂತ ಅಲ್ಲ. ಆಗುತ್ತದೆ, ಆದರೆ ಸುಮ್ನೆ ತಲೆನೋವು ಜಾಸ್ತಿ.

ನಾನು ಎರಡನ್ನೂ ಅಳೆಯುವುದು ಒಂದೇ ಪ್ರಶ್ನೆಯಿಂದ. ನೆಟ್ ಕೈಕೊಟ್ಟ ಹೊತ್ತಿನಲ್ಲಿ ಕಂಪ್ಯೂಟರ್ ಯಾವ ಸ್ಥಿತಿಯಲ್ಲಿ ಇರುತ್ತದೆ? ಬೇಕಾದದ್ದೆಲ್ಲ ಇಳಿದು ಮುಗಿದ ಮೇಲೆ ನೆಟ್ ಹೋದರೆ ಯಾರಿಗೂ ನಷ್ಟ ಇಲ್ಲ. ಹಾರ್ಡ್ ಡಿಸ್ಕನ್ನು ಪಾರ್ಟಿಷನ್ ಮಾಡಿ (ಅಂದರೆ ಭಾಗ ಮಾಡಿ), ಹಳೆಯದನ್ನೆಲ್ಲ ಅಳಿಸಿ, ಹೊಸದು ಅರ್ಧ ಬಂದಾಗ ಹೋದರೆ? ಆಗ ಹಳೆಯದೂ ಇಲ್ಲ, ಹೊಸದೂ ಇಲ್ಲ. ವೇಗ, ಸೈಜು, ಸುಲಭ ಅಂತ ಜನ ಏನೇನೋ ಹೋಲಿಸುತ್ತಾರೆ. ನನಗೆ ಇದೊಂದು ಗೊತ್ತಾದರೆ ಉಳಿದದ್ದು ಆಮೇಲೆ.

ಇವತ್ತು ಡಿಸ್ಕ್ ಅಂದರೆ ಹೊಳೆಯುವ ದುಂಡನೆಯ ತಟ್ಟೆಯೇ ಆಗಬೇಕಿಲ್ಲ. ಅದೇ ಐಎಸ್‌ಒ ಫೈಲನ್ನು ಪೆನ್‌ಡ್ರೈವ್‌ಗೆ ಬರೆದರೂ ಲೆಕ್ಕ ಒಂದೇ, ಹಾಕಬೇಕಾದದ್ದೆಲ್ಲ ನಿಮ್ಮ ಕೈಯಲ್ಲೇ ಇದೆ. ಈಗಿನ ಬಹುತೇಕ ಐಎಸ್‌ಒಗಳು ಹೈಬ್ರಿಡ್. ಡಿವಿಡಿಗೆ ಬರ್ನ್ ಮಾಡಿದರೂ ಬೂಟ್ ಆಗುತ್ತವೆ, ಪೆನ್‌ಡ್ರೈವ್‌ಗೆ ಹಾಗೇ ಸುರಿದರೂ ಬೂಟ್ ಆಗುತ್ತವೆ. ಹಾಗಾಗಿ ನಾನು ಡಿಸ್ಕ್ ಅಂದಾಗಲೆಲ್ಲ ಎರಡನ್ನೂ ಸೇರಿಸಿಯೇ ಹೇಳುತ್ತಿದ್ದೇನೆ, ತಟ್ಟೆಯ ಮಾತೇ ಬೇರೆ ಇದ್ದರೆ ಅಲ್ಲಲ್ಲೇ ಹೇಳುತ್ತೇನೆ.

ತಟ್ಟೆ ಹಿಂದೆ ಸರಿದದ್ದು ಒಂದೇ ದಿನದಲ್ಲಿ ಅಲ್ಲ. ಲಿನಕ್ಸ್‌ನಲ್ಲಿ ಸ್ಲ್ಯಾಕ್‌ವೇರ್, ಡೆಬಿಯನ್, ಉಬುಂಟು, ಫೆಡೋರಾ, ಓಪನ್‌ಸೂಸೆ, ಆರ್ಚ್, ಸೆಂಟ್‌ಓಎಸ್ ಅಂತ ಬೇರೆ ಬೇರೆ ತಂಡಗಳ ರೂಪಗಳಿವೆ, ಅವನ್ನೇ ಡಿಸ್ಟ್ರೋ ಅನ್ನುವುದು. 1993ರಲ್ಲಿ ಸ್ಲ್ಯಾಕ್‌ವೇರ್ ಬಂದಾಗ ಅದು ಫ್ಲಾಪಿಗಳ ಕಟ್ಟು. ಆಮೇಲೆ ಸಿಡಿ ಬಂತು, ಡೆಬಿಯನ್ ಪೂರ್ತಿ ಬೇಕು ಅಂದರೆ ಹತ್ತಕ್ಕೂ ಹೆಚ್ಚು ಸಿಡಿ ಆಗುವ ಕಾಲವೂ ಬಂತು. ಉಬುಂಟು ಕೇಳಿದವರಿಗೆಲ್ಲ ಸಿಡಿಯನ್ನು ಪೋಸ್ಟ್‌ನಲ್ಲಿ ಪುಕ್ಕಟೆ ಕಳಿಸುತ್ತಿತ್ತು, 2011ರಲ್ಲಿ ಅದನ್ನು ನಿಲ್ಲಿಸಿದರು. ಮುಂದಿನ ವರ್ಷ 12.10 ಬಂದಾಗ 700 ಎಂಬಿ ಸಿಡಿಯಲ್ಲಿ ಕೂರಿಸುವ ಹಟವನ್ನೂ ಬಿಟ್ಟರು. ಈಗ 24.04ರ ಡೆಸ್ಕ್‌ಟಾಪ್ ಇಮೇಜ್ 6 ಜಿಬಿಗೆ ಹತ್ತಿರ ಇದೆ. ಮಾಮೂಲಿ ಡಿವಿಡಿಯಲ್ಲಿ ಹಿಡಿಯುವುದು 4.7 ಜಿಬಿ. ಅಂದರೆ ಉಬುಂಟು ಮಟ್ಟಿಗೆ ಒಂದು ಪದರದ ಡಿವಿಡಿಯ ಆಟ ಮುಗಿಯಿತು. ಪೆನ್‌ಡ್ರೈವ್ ಬೇಕೇ ಬೇಕು.

ಡಿಸ್ಕ್‌ನಿಂದ ಹಾಕುವುದಕ್ಕೆ ನನ್ನ ಮೆಚ್ಚಿನದು ಡೆಬಿಯನ್‌ನ ಮೊದಲ ಡಿವಿಡಿ. ಸುಮಾರು 4 ಜಿಬಿ. ಡೆಬಿಯನ್ 13ರಲ್ಲಿ ಒಟ್ಟು 69 ಸಾವಿರಕ್ಕೂ ಹೆಚ್ಚು ಪ್ಯಾಕೇಜ್‌ಗಳಿವೆ (ಪ್ರೋಗ್ರಾಮ್‌ಗಳ ಕಟ್ಟುಗಳು), ಅದೆಲ್ಲ ಒಂದು ಡಿವಿಡಿಯಲ್ಲಿ ಹಿಡಿಯುವ ಮಾತೇ ಇಲ್ಲ. ಆದರೆ ಜನ ಜಾಸ್ತಿ ಬಳಸುವ ಪ್ಯಾಕೇಜ್‌ಗಳು ಮೊದಲು ಬರುವ ಹಾಗೆ ಅವರು ಜೋಡಿಸುತ್ತಾರೆ. ಅದಕ್ಕೇ ಮೊದಲ ಡಿವಿಡಿ ಒಂದಿದ್ದರೆ ಡೆಸ್ಕ್‌ಟಾಪ್, ಬ್ರೌಸರ್, ಆಫೀಸ್, ಪ್ರಿಂಟರ್ ಕೆಲಸ ಎಲ್ಲ ಆಗಿಹೋಗುತ್ತದೆ. ಇನ್‌ಸ್ಟಾಲರ್ ನಡುವೆ ಒಂದು ಪ್ರಶ್ನೆ ಕೇಳುತ್ತದೆ, ನೆಟ್‌ವರ್ಕ್ ಮಿರರ್ (ಪ್ಯಾಕೇಜ್‌ಗಳ ಪ್ರತಿ ಇಟ್ಟಿರುವ ಸರ್ವರ್) ಬಳಸಲಾ ಅಂತ. ಬೇಡ ಅನ್ನಿ. ಅಷ್ಟೇ. ಅಲ್ಲಿಂದ ಮುಂದೆ ನೆಟ್ ಇದೆಯೋ ಸತ್ತಿದೆಯೋ ಅದಕ್ಕೆ ಗೊಡವೆಯೇ ಇಲ್ಲ, ತನ್ನ ಪಾಡಿಗೆ ತಾನು ಮುಗಿಸಿ, ರೀಸ್ಟಾರ್ಟ್ ಆಗಿ, ಲಾಗಿನ್ ಪರದೆ ತೋರಿಸುತ್ತದೆ. ಈ ನೆಮ್ಮದಿಗೆ ನಾನು ಐದಕ್ಕೆ ಐದು ಕೊಡುತ್ತೇನೆ.

ಹತ್ತು ಕಂಪ್ಯೂಟರ್‌ಗೆ ಹಾಕಬೇಕಾದರಂತೂ ಪ್ರಶ್ನೆಯೇ ಇಲ್ಲ. ಒಂದು ಸಲ ಇಳಿಸಿದ ಅದೇ ಪೆನ್‌ಡ್ರೈವ್ ಹತ್ತಕ್ಕೂ ಆಗುತ್ತದೆ.

ಆದರೆ ತಟ್ಟೆಯನ್ನು ನಂಬುವ ಮುಂಚೆ ಸ್ವಲ್ಪ ನಿಲ್ಲಿ. ಬರ್ನ್ ಮಾಡಿದ ಡಿವಿಡಿ ತುಂಬಾ ನಾಜೂಕು. ಅದರ ಬಣ್ಣದ ಪದರ ಬಿಸಿಲಿಗೆ, ಶಾಖಕ್ಕೆ ಹಾಳಾಗುತ್ತದೆ. ಡ್ರೈವ್‌ನ ಲೆನ್ಸ್ ಹಳತಾಗಿದ್ದರೆ ಒಂದು ಡ್ರೈವ್ ಓದಿದ ಡಿಸ್ಕನ್ನು ಇನ್ನೊಂದು ಓದುವುದಿಲ್ಲ. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಆದದ್ದು ಹೇಳುತ್ತೇನೆ. ಪ್ರೋಗ್ರೆಸ್ ಬಾರ್ ಮುಕ್ಕಾಲು ಭಾಗ ಆರಾಮಾಗಿ ಹೋಯಿತು. ಆಮೇಲೆ ನಿಂತಿತು. ಡ್ರೈವ್ ಒಂದು ಸಲ ಜೋರಾಗಿ ತಿರುಗುತ್ತದೆ, ಟಕ್ ಅನ್ನುತ್ತದೆ, ನಿಧಾನ ಆಗುತ್ತದೆ, ಮತ್ತೆ ಜೋರಾಗಿ ತಿರುಗುತ್ತದೆ. ಕಂಟ್ರೋಲ್, ಆಲ್ಟ್, ಎಫ್4 ಒತ್ತಿ ಹಿಂದಿನ ಲಾಗ್ ನೋಡಿದರೆ ‘ಐಒ ಎರರ್, ಡೆವ್ ಎಸ್‌ಆರ್0’ ಅಂತ ಸಾಲು ಸಾಲು. ಎಸ್‌ಆರ್0 ಅಂದರೆ ಸಿಡಿ, ಡಿವಿಡಿ ಡ್ರೈವ್. ಹಾರ್ಡ್ ಡಿಸ್ಕ್ ಚೆನ್ನಾಗಿಯೇ ಇದೆ, ಲಿನಕ್ಸೂ ಚೆನ್ನಾಗಿಯೇ ಇದೆ, ತಟ್ಟೆ ಮಾತ್ರ ಓದಿಸಿಕೊಳ್ಳುತ್ತಿಲ್ಲ. ಲೈವ್ ಡಿಸ್ಕ್ (ಹಾಕದೆಯೇ ನೇರ ಓಡಿಸುವಂಥದ್ದು) ಆದರೆ ಇದೇ ಕಾಯಿಲೆ ‘ಸ್ಕ್ವಾಶ್‌ಎಫ್‌ಎಸ್ ಎರರ್’ ಅನ್ನುವ ರೂಪದಲ್ಲಿ ಬರುತ್ತದೆ. ಇದನ್ನು ನೋಡಿದ ಎಷ್ಟೋ ಜನ ಲಿನಕ್ಸನ್ನೇ ಬೈದು ಬಿಟ್ಟುಬಿಡುತ್ತಾರೆ ಅನ್ನುವುದು ನನ್ನ ಅನುಮಾನ.

ಇದಕ್ಕೆ ಮದ್ದು ಸುಲಭ, ಆದರೆ ಯಾರೂ ಮಾಡುವುದಿಲ್ಲ. ಐಎಸ್‌ಒ ಇಳಿಸಿದ ಮೇಲೆ ಚೆಕ್‌ಸಮ್ ಹೋಲಿಸಿ. ಎಸ್‌ಎಚ್‌ಎ256 ಅನ್ನುವ ಉದ್ದನೆಯ ಅಕ್ಷರಗಳ ಸಾಲು ಅದು, ಡೌನ್‌ಲೋಡ್ ಪುಟದ ಪಕ್ಕದಲ್ಲೇ ಇರುತ್ತದೆ. ಬರ್ನ್ ಮಾಡುವಾಗ ಕಡಿಮೆ ವೇಗ ಇಟ್ಟು, ಬರೆದದ್ದನ್ನು ಪರಿಶೀಲಿಸು ಅನ್ನುವ ಆಯ್ಕೆಗೆ ಟಿಕ್ ಹಾಕಿ. ಫೆಡೋರಾ ಡಿಸ್ಕ್ ಬೂಟ್ ಆಗುವಾಗ ಮೀಡಿಯಾ ಪರೀಕ್ಷೆಯ ಆಯ್ಕೆಯನ್ನು ಮೆನುವಿನಲ್ಲೇ ಕೊಡುತ್ತದೆ. ಉಬುಂಟು 20.04ರಿಂದ ಈಚೆಗೆ ತಾನಾಗೇ ಪರೀಕ್ಷೆ ಶುರುಮಾಡುತ್ತದೆ, ಅವಸರ ಇದ್ದವರು ಕಂಟ್ರೋಲ್ ಸಿ ಒತ್ತಿ ತಪ್ಪಿಸಿಕೊಳ್ಳಬಹುದು. ಒತ್ತಬೇಡಿ. ಕೆಲವು ನಿಮಿಷದ ಕೆಲಸ.

ಪೆನ್‌ಡ್ರೈವ್‌ಗೆ ಈ ಗೋಳು ಕಡಿಮೆ. ಓದುವ ವೇಗವೂ ಜಾಸ್ತಿ. ಡಿವಿಡಿಯಲ್ಲಿ ಫೈಲ್ ಹುಡುಕಲು ಲೆನ್ಸ್ ಹಿಂದೆ ಮುಂದೆ ಓಡಾಡಬೇಕು, ಅದಕ್ಕೇ ಡಿವಿಡಿಯಿಂದ ಲೈವ್ ಡೆಸ್ಕ್‌ಟಾಪ್ ತೆರೆದರೆ ಮೆನು ಒತ್ತಿ ಒಂದು ಆಕಳಿಕೆ ಮುಗಿಸುವಷ್ಟು ಹೊತ್ತು ಬೇಕು. ಪೆನ್‌ಡ್ರೈವ್‌ಗೆ ಬರೆಯಲು ರೂಫಸ್, ಎಚರ್, ವೆಂಟಾಯ್, ಅಥವಾ ಟರ್ಮಿನಲ್‌ನ ಡಿಡಿ, ಯಾವುದಾದರೂ ಸರಿ. ಡಿಡಿ ಬಳಸುವವರು ಡ್ರೈವ್‌ನ ಹೆಸರನ್ನು ಎರಡು ಸಲ ನೋಡಿಕೊಳ್ಳಿ, ಅದು ಯಾವುದನ್ನೂ ಕೇಳದೆ ಅಳಿಸುತ್ತದೆ. ಹಾಗಂತ ತಟ್ಟೆಗೆ ಬೆಲೆಯೇ ಇಲ್ಲ ಅಂತಲ್ಲ. ಯುಎಸ್‌ಬಿಯಿಂದ ಬೂಟ್ ಆಗದ ಹಳೆಯ ಬಯೋಸ್‌ಗಳು (ಕಂಪ್ಯೂಟರನ್ನು ಮೊದಲು ಎಬ್ಬಿಸುವ ತಂತ್ರಾಂಶ) ಇನ್ನೂ ಇವೆ, ಅಲ್ಲಿ ತಟ್ಟೆಯೇ ದೊಡ್ಡಣ್ಣ.

ಡಿಸ್ಕ್ ದಾರಿಯ ನಿಜವಾದ ದೋಷ ಗೀರು, ಧೂಳು ಅಲ್ಲ. ಅದು ಒಂದು ತಾರೀಖಿನಲ್ಲಿ ನಿಂತುಬಿಟ್ಟಿರುತ್ತದೆ, ಅದೇ ದೋಷ. ಇಮೇಜ್ ಮಾಡಿದ ದಿನ ಇದ್ದ ಪ್ಯಾಕೇಜ್‌ಗಳೇ ಒಳಗಿರುವುದು. ಆರು ತಿಂಗಳ ಹಿಂದಿನ ಐಎಸ್‌ಒದಿಂದ ಹಾಕಿ ಮೊದಲ ಅಪ್‌ಡೇಟ್ ಕೊಟ್ಟರೆ ಕರ್ನಲ್ (ಲಿನಕ್ಸ್‌ನ ತಿರುಳು), ಬ್ರೌಸರ್, ಆಫೀಸ್ ಅಂತ ನೂರಾರು ಎಂಬಿ ಮತ್ತೆ ಇಳಿಯುತ್ತದೆ. ಒಂದೇ ಪ್ಯಾಕೇಜ್‌ಗೆ ಎರಡು ಸಲ ಡೇಟಾ ಖರ್ಚು. ಇದು ಸಹಿಸಬಹುದು. ಆದರೆ ಇನ್ನೊಂದು ಇದೆ, ಅದು ಕಣ್ಣಿಗೇ ಬೀಳುವುದಿಲ್ಲ.

ನೆಟ್ ಇಲ್ಲದೆ ಡೆಬಿಯನ್ ಹಾಕಿದಿರಿ ಅಂತ ಇಟ್ಟುಕೊಳ್ಳಿ. ಪ್ಯಾಕೇಜ್‌ಗಳು ಎಲ್ಲಿಂದ ಬರಬೇಕು ಅನ್ನುವುದು ಸೋರ್ಸಸ್.ಲಿಸ್ಟ್ ಅನ್ನುವ ಫೈಲ್‌ನಲ್ಲಿ ಇರುತ್ತದೆ. ಅದನ್ನು ತೆರೆದು ನೋಡಿ. ಮೇಲೆ ‘ಡೆಬ್ ಸಿಡಿರಾಮ್’ ಅಂತ ಶುರುವಾಗುವ ಸಾಲು. ಕೆಳಗೆ ಸೆಕ್ಯೂರಿಟಿ ಅಪ್‌ಡೇಟ್‌ನ ಸಾಲು ಇರುತ್ತದೆ, ಆದರೆ ಅದರ ಮುಂದೆ ಒಂದು ಹ್ಯಾಶ್ (#) ಗುರುತು ಇರಬಹುದು. ಇನ್‌ಸ್ಟಾಲರ್ ಅದನ್ನು ಪರೀಕ್ಷಿಸಲು ಹೋಗಿದೆ, ನೆಟ್ ಇರಲಿಲ್ಲ, ಹಾಗಾಗಿ ಆ ಸಾಲನ್ನು ಕಮೆಂಟ್ ಮಾಡಿ, ಅಂದರೆ ಲೆಕ್ಕಕ್ಕಿಲ್ಲದಂತೆ ಮಾಡಿ, ಮುಂದೆ ಹೋಗಿದೆ. ಮಾರನೇ ದಿನ ನೀವು ನೆಟ್ ಹಾಕಿಕೊಂಡರೂ ಆ ಹ್ಯಾಶ್ ತಾನಾಗೇ ಹೋಗುವುದಿಲ್ಲ. ಸೆಕ್ಯೂರಿಟಿ ಅಪ್‌ಡೇಟ್ ಒಂದೂ ಬರುವುದಿಲ್ಲ, ಎಲ್ಲ ಹೊಸದೇ ಇದೆ ಅಂತ ನೀವು ಅಂದುಕೊಂಡಿರುತ್ತೀರಿ. ಇನ್ನು ಏನಾದರೂ ಹೊಸ ಪ್ಯಾಕೇಜ್ ಹಾಕಲು ಹೋದರೆ, ಇಂಥ ಹೆಸರಿನ ಡಿಸ್ಕನ್ನು ಡ್ರೈವ್‌ಗೆ ಹಾಕಿ ಎಂಟರ್ ಒತ್ತಿ ಅನ್ನುತ್ತದೆ. ಪೆನ್‌ಡ್ರೈವ್‌ನಿಂದ ಹಾಕಿದವರು, ಸಿಡಿ ಡ್ರೈವೇ ಇಲ್ಲದ ಲ್ಯಾಪ್‌ಟಾಪ್ ಮುಂದೆ ಕೂತು, ಯಾವ ಡಿಸ್ಕ್ ಮಾರಾಯ ಅಂತ ಕೇಳಬೇಕು. ಸಿಡಿರಾಮ್ ಸಾಲಿನ ಮುಂದೆ ಹ್ಯಾಶ್ ಹಾಕಿ, ಸೆಕ್ಯೂರಿಟಿ ಸಾಲಿನ ಹ್ಯಾಶ್ ತೆಗೆಯಿರಿ, ಮುಖ್ಯ ಮಿರರ್‌ನ ಸಾಲು ಇಲ್ಲದಿದ್ದರೆ ಸೇರಿಸಿ. ಎರಡು ನಿಮಿಷ. ಆದರೆ ಇದನ್ನು ಇನ್‌ಸ್ಟಾಲರೇ ಕೊನೆಯಲ್ಲಿ ಒಂದು ಮಾತಲ್ಲಿ ಹೇಳಬಹುದಿತ್ತು. ಇಷ್ಟು ವರ್ಷ ಆದರೂ ಹೊಸಬರ ಕಾಲಿಗೆ ತೊಡರುವ ಹಾಗೇ ಬಿಟ್ಟಿದ್ದಾರೆ. ಇದಕ್ಕೆ ಅಂಕ ಕಡಿತ.

ಈಗ ನೆಟ್‌ನಿಂದ ಹಾಕುವುದು. ಡೆಬಿಯನ್‌ನ ನೆಟ್‌ಇನ್‌ಸ್ಟ್ ಇಮೇಜ್ ಒಂದು ಜಿಬಿಗಿಂತ ಚಿಕ್ಕದು. ಅದರಲ್ಲಿ ಇನ್‌ಸ್ಟಾಲರ್ ಮತ್ತು ಮೂಲ ಸಿಸ್ಟಮ್ ಮಾತ್ರ ಇರುತ್ತದೆ, ಉಳಿದದ್ದು ಕೇಳಿದಷ್ಟು ಮಿರರ್‌ನಿಂದ ಬರುತ್ತದೆ. ಇದರ ಸುಖ ಏನೆಂದರೆ ಹಾಕಿ ಮುಗಿದ ಹೊತ್ತಿಗೆ ಎಲ್ಲವೂ ಇವತ್ತಿನದೇ. ಎರಡನೇ ಸಲ ಇಳಿಸುವ ಗೋಜು ಇಲ್ಲ. ಸರ್ವರ್‌ಗೆ, ಅಂದರೆ ಡೆಸ್ಕ್‌ಟಾಪ್ ಬೇಡದ ಕಡೆ, ನಾನೂ ಇದನ್ನೇ ಬಳಸುತ್ತೇನೆ. ತಂತಿ ನೆಟ್ ಇದೆ, ಹಾರ್ಡ್‌ವೇರ್ ಪರಿಚಯದ್ದು, ಬೇಕಾದದ್ದು ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಸಾಧನ) ಮತ್ತು ನಾಲ್ಕು ಪ್ಯಾಕೇಜ್. ಅಲ್ಲಿ 4 ಜಿಬಿ ಇಳಿಸಿಕೊಂಡು ಕೂರುವುದು ದಡ್ಡತನ.

ಆದರೆ ಲ್ಯಾಪ್‌ಟಾಪ್‌ನಲ್ಲಿ ವೈಫೈ ಮೇಲೆ ನೆಟ್‌ಇನ್‌ಸ್ಟ್? ಇಲ್ಲಿ ನನ್ನ ಪ್ರಶ್ನೆ ನೆನಪಿಸಿಕೊಳ್ಳಿ. ಪಾರ್ಟಿಷನ್ ಮಾಡಿ ಹಳೆಯದನ್ನು ಅಳಿಸಿದ ಮೇಲೆಯೇ ಅದು ಡೆಸ್ಕ್‌ಟಾಪ್ ಪ್ಯಾಕೇಜ್‌ಗಳನ್ನು ಇಳಿಸಲು ಶುರುಮಾಡುವುದು. ಸಾವಿರಕ್ಕೂ ಹೆಚ್ಚು ಫೈಲ್, ಒಂದಾದ ಮೇಲೆ ಒಂದು. ನಡುವೆ ಮಿರರ್ ಕೈಕೊಟ್ಟರೆ ಪರದೆ ಕೆಂಪಾಗಿ ‘ಇನ್‌ಸ್ಟಲೇಷನ್ ಸ್ಟೆಪ್ ಫೇಲ್ಡ್’ ಅನ್ನುತ್ತದೆ. ಹೆದರಬೇಡಿ, ಹಿಂದಿನ ಮೆನುಗೆ ಹೋಗಿ ಮತ್ತೆ ಪ್ರಯತ್ನಿಸಬಹುದು, ಇಳಿದದ್ದು ಉಳಿದಿರುತ್ತದೆ. ನೆಟ್ ಪೂರ್ತಿ ಸತ್ತರೂ ಮೂಲ ಸಿಸ್ಟಮ್ ಇಮೇಜ್‌ನಲ್ಲೇ ಇರುವುದರಿಂದ ಕಡೆಗೆ ಕಪ್ಪು ಪರದೆಯ ಟರ್ಮಿನಲ್ ಮಟ್ಟಿಗಾದರೂ ಬಂದೇ ಬರುತ್ತದೆ. ಟರ್ಮಿನಲ್ ಗೊತ್ತಿದ್ದವರಿಗೆ ಅದು ಸಾಕು. ಮೊದಲ ಸಲ ಲಿನಕ್ಸ್ ಹಾಕುತ್ತಿರುವವರಿಗೆ ಕಪ್ಪು ಪರದೆಯ ಮೇಲೆ ಮಿನುಗುವ ಗೆರೆ ನೋಡಿದರೆ ಕಂಪ್ಯೂಟರ್ ಕೆಟ್ಟೇಹೋಯಿತು ಅನ್ನಿಸುತ್ತದೆ, ಅಲ್ವಾ?

ವೈಫೈ ಚಿಪ್‌ನದು ಇನ್ನೊಂದು ಕಥೆ. ಅನೇಕ ಚಿಪ್‌ಗಳಿಗೆ ಫರ್ಮ್‌ವೇರ್ ಅಂತ ಒಂದು ಫೈಲ್ ಬೇಕು. ಅದು ಮುಕ್ತ ತಂತ್ರಾಂಶ ಅಲ್ಲ ಅನ್ನುವ ಕಾರಣಕ್ಕೆ ಡೆಬಿಯನ್ ಮೊದಲೆಲ್ಲ ಅದನ್ನು ಅಧಿಕೃತ ಇಮೇಜ್‌ನಲ್ಲಿ ಹಾಕುತ್ತಲೇ ಇರಲಿಲ್ಲ. ನೆಟ್‌ನಿಂದ ಹಾಕಬೇಕು, ನೆಟ್‌ಗೆ ಫರ್ಮ್‌ವೇರ್ ಬೇಕು, ಫರ್ಮ್‌ವೇರ್ ನೆಟ್‌ನಲ್ಲಿದೆ. 2022ರಲ್ಲಿ ಮತ ಹಾಕಿ ನಿಯಮ ಬದಲಿಸಿದರು, 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಅದು ಇಮೇಜ್ ಒಳಗೇ ಬರುತ್ತಿದೆ. ದೊಡ್ಡ ಉಪಕಾರ. ಆದರೂ ಕೆಲವು ಹಳೆಯ ಬ್ರಾಡ್‌ಕಾಮ್ ಚಿಪ್‌ಗಳ ಹಣೆಬರಹ ಬದಲಾಗಲಿಲ್ಲ. ಬಿ43 ಅನ್ನುವ ಡ್ರೈವರ್‌ನ ಫರ್ಮ್‌ವೇರ್ ಪ್ಯಾಕೇಜ್ ಇದೆಯಲ್ಲ, ಅದು ಹೆಸರಿಗೆ ಮಾತ್ರ ಪ್ಯಾಕೇಜ್. ಹಾಕಿದರೆ ಅದು ತಾನೇ ನೆಟ್‌ಗೆ ಹೋಗಿ ಫರ್ಮ್‌ವೇರ್ ತರಲು ನೋಡುತ್ತದೆ! ಇಂಥ ಲ್ಯಾಪ್‌ಟಾಪ್‌ಗೆ ತಂತಿ ಹಾಕಿ, ಅಥವಾ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್‌ಗೆ ಅದು ತಂತಿ ನೆಟ್‌ನ ಹಾಗೇ ಕಾಣುತ್ತದೆ, ಬೇರೆ ಡ್ರೈವರ್ ಹುಡುಕಬೇಕಿಲ್ಲ. ಈ ಉಪಾಯ ಎಷ್ಟೋ ಜನರಿಗೆ ಗೊತ್ತಿಲ್ಲ.

ಗಡಿಯಾರದ್ದೂ ಒಂದು ಮಾತು. ಬಹಳ ದಿನ ಮೂಲೆಯಲ್ಲಿದ್ದ ಕಂಪ್ಯೂಟರ್‌ನ ಮದರ್‌ಬೋರ್ಡ್ ಬ್ಯಾಟರಿ ಸತ್ತಿದ್ದರೆ ತಾರೀಖು ಎಷ್ಟೋ ವರ್ಷ ಹಿಂದೆ ಹೋಗಿರುತ್ತದೆ. ಆಗ ಆಪ್ಟ್ (ಡೆಬಿಯನ್‌ನಲ್ಲಿ ಪ್ಯಾಕೇಜ್ ತಂದು ಹಾಕುವ ಪ್ರೋಗ್ರಾಮ್), ಮಿರರ್‌ನ ರಿಲೀಸ್ ಫೈಲ್ ಇನ್ನೂ ಚಾಲ್ತಿಗೆ ಬಂದಿಲ್ಲ ಅಂತ ಹೇಳಿ ಕೂರುತ್ತದೆ. ನೋಡಿದವರು ನೆಟ್ ಸರಿ ಇಲ್ಲ ಅಂದುಕೊಂಡು ರೌಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ತಾರೀಖು ಸರಿಮಾಡಿ, ಸಾಕು.

ನೆಟ್‌ಇನ್‌ಸ್ಟ್‌ಗಿಂತ ಚಿಕ್ಕದಾದ ಮಿನಿ ಐಎಸ್‌ಒ ಕೂಡ ಇದೆ. ಇನ್‌ಸ್ಟಾಲರ್‌ನ ತುಂಡುಗಳನ್ನೂ ಅದು ನೆಟ್‌ನಿಂದಲೇ ತರುತ್ತದೆ. ಹಳೆಯ ಮಿನಿ ಐಎಸ್‌ಒ ಬಳಸಿದರೆ ಅದರ ಕರ್ನಲ್ಲೂ ಮಿರರ್‌ನಲ್ಲಿರುವ ಮಾಡ್ಯೂಲ್‌ಗಳೂ ಹೊಂದುವುದಿಲ್ಲ, ಅಲ್ಲೇ ನಿಲ್ಲುತ್ತದೆ. ಮಾಮೂಲಿ ಬಳಕೆಗೆ ಬೇಡವೇ ಬೇಡ.

ಆರ್ಚ್ ಬಳಕೆದಾರರು ಇಷ್ಟೊತ್ತಿಗೆ ನಗುತ್ತಿರುತ್ತಾರೆ, ಯಾಕೆಂದರೆ ಅವರಿಗೆ ಆಯ್ಕೆಯೇ ಇಲ್ಲ. ಆರ್ಚ್‌ನ ಐಎಸ್‌ಒ ಬರೀ ಬೂಟ್ ಆಗುವ ಸಾಧನ, ಸಿಸ್ಟಮ್ ಬರುವುದು ನೆಟ್‌ನಿಂದ. ಅಲ್ಲಿ ಹಳೆಯ ಐಎಸ್‌ಒ ಕಾಟ ಬೇರೆ ಥರದ್ದು. ಪ್ಯಾಕೇಜ್‌ಗೆ ಸಹಿ ಹಾಕುವವರ ಕೀಗಳು ಬದಲಾಗಿರುತ್ತವೆ, ಸಹಿ ನಂಬಲಾಗುವುದಿಲ್ಲ ಅಂತ ಅಲ್ಲಿನ ಪ್ಯಾಕೇಜ್ ಪ್ರೋಗ್ರಾಮ್ ಪ್ಯಾಕ್‌ಮ್ಯಾನ್ ಹಟ ಹಿಡಿಯುತ್ತದೆ. ಆರ್ಚ್‌ಲಿನಕ್ಸ್-ಕೀರಿಂಗ್ ಪ್ಯಾಕೇಜನ್ನು ಮೊದಲು ಹೊಸದು ಮಾಡಿಕೊಂಡರೆ ದಾರಿ ಬಿಡುತ್ತದೆ. ಅಥವಾ ಆ ತಿಂಗಳ ಹೊಸ ಐಎಸ್‌ಒ ಇಳಿಸಿ, ಅದೇ ಸಲೀಸು.

ಇಷ್ಟು ಹಾಕುವ ಕಥೆ. ಏರಿಸುವ ಕಥೆಯಲ್ಲಿ ಲೆಕ್ಕ ತಲೆಕೆಳಗು.

ಡಿಸ್ಕ್ ಹಾಕಿ ಅಪ್‌ಗ್ರೇಡ್ ಅನ್ನುವ ಬಟನ್ ಒತ್ತುವ ಪದ್ಧತಿ ಒಂದು ಕಾಲದಲ್ಲಿ ಎಲ್ಲ ಕಡೆ ಇತ್ತು. ಫೆಡೋರಾ 2013ರ ಜನವರಿಯಲ್ಲಿ ಬಂದ 18ನೇ ಆವೃತ್ತಿಯಲ್ಲಿ ಇನ್‌ಸ್ಟಾಲರ್‌ನಿಂದ ಅದನ್ನು ಕಿತ್ತುಹಾಕಿತು. ಉಬುಂಟುವಿನ ಆಲ್ಟರ್ನೇಟ್ ಸಿಡಿಯಿಂದ ಏರಿಸಬಹುದಿತ್ತು, 12.10ಕ್ಕೆ ಆ ಸಿಡಿಯೇ ನಿಂತಿತು. ಯಾಕೆ ಬಿಟ್ಟರು? ಸೋಮಾರಿತನ ಅಲ್ಲ. ನೀವು ಹಳೆಯ ಆವೃತ್ತಿಯಲ್ಲಿ ಇದ್ದುಕೊಂಡೇ ನಿಯತ್ತಾಗಿ ಅಪ್‌ಡೇಟ್ ಮಾಡುತ್ತಾ ಬಂದಿರುತ್ತೀರಿ. ಹೊಸ ಆವೃತ್ತಿಯ ಡಿಸ್ಕ್ ಬಿಡುಗಡೆಯ ದಿನಕ್ಕೆ ನಿಂತಿದೆ. ಎರಡು ಮೂರು ತಿಂಗಳಾದ ಮೇಲೆ ಆ ಡಿಸ್ಕ್‌ನಿಂದ ಏರಿಸಲು ಹೋದರೆ, ನಿಮ್ಮ ಹಳೆಯ ಸಿಸ್ಟಮ್‌ನಲ್ಲಿರುವ ಕರ್ನಲ್ಲೋ ಯಾವುದೋ ಲೈಬ್ರರಿಯೋ ಹೊಸ ಡಿಸ್ಕ್‌ನಲ್ಲಿ ಇರುವುದಕ್ಕಿಂತ ಹೊಸದಾಗಿರುತ್ತದೆ! ಪ್ಯಾಕೇಜ್ ಮ್ಯಾನೇಜರ್ ಹೊಸದನ್ನು ಹಾಗೇ ಬಿಡುತ್ತದೆ. ಕಡೆಗೆ ಅರ್ಧ ಹಳೆಯ ಆವೃತ್ತಿಯದು, ಅರ್ಧ ಹೊಸದರದು. ಹೊರಗಿನಿಂದ ನೋಡಿದರೆ ಅಪ್‌ಗ್ರೇಡ್ ಆಗಿದೆ, ಒಳಗೆ ಒಂದು ಲೈಬ್ರರಿಗೂ ಇನ್ನೊಂದಕ್ಕೂ ಮಾತುಕತೆ ಇಲ್ಲ.

ಡೆಬಿಯನ್‌ನಲ್ಲಿ ಇವತ್ತಿಗೂ ಆಪ್ಟ್-ಸಿಡಿರಾಮ್ ಅನ್ನುವ ಆದೇಶದಿಂದ ಡಿಸ್ಕನ್ನು ರೆಪೊ (ಪ್ಯಾಕೇಜ್ ಸಂಗ್ರಹ) ಪಟ್ಟಿಗೆ ಸೇರಿಸಿ ಏರಿಸಬಹುದು. ಓಪನ್‌ಸೂಸೆ ಲೀಪ್ 15ರ ಡಿವಿಡಿಯಲ್ಲೂ ಅಪ್‌ಗ್ರೇಡ್ ಆಯ್ಕೆ ಇತ್ತು, ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಆದರೆ ನೀವು ಬಳಸುವ ಪ್ಯಾಕೇಜ್ ಆ ಒಂದು ಡಿಸ್ಕ್‌ನಲ್ಲಿ ಇಲ್ಲದಿದ್ದರೆ ಅದು ಹಳೆಯದಾಗೇ ಉಳಿಯುತ್ತದೆ, ಅಥವಾ ಅವಲಂಬನೆ ಮುರಿಯಿತು ಅಂತ ತೆಗೆದುಹಾಕಲು ಹೊರಡುತ್ತದೆ. ಹೊಸದಾಗಿ ಹಾಕುವಾಗ ಡಿಸ್ಕ್‌ನಲ್ಲಿ ಇದ್ದದ್ದೇ ನಿಮ್ಮ ಸಿಸ್ಟಮ್. ಏರಿಸುವಾಗ ಹಾಗಲ್ಲ, ನಿಮ್ಮ ಸಿಸ್ಟಮ್‌ನಲ್ಲಿ ಏನಿದೆಯೋ ಅದೆಲ್ಲ ಡಿಸ್ಕ್‌ನಲ್ಲಿ ಇರಬೇಕು. ಅದು ಇರುವುದಿಲ್ಲ. ಐದಕ್ಕೆ ಒಂದೂವರೆ, ಅದೂ ದಾಕ್ಷಿಣ್ಯಕ್ಕೆ.

ನೆಟ್‌ನಿಂದ ಏರಿಸುವುದು ಹೇಗಿದೆ ಅಂದರೆ, ಫೆಡೋರಾ ಇದರಲ್ಲಿ ಎಲ್ಲರಿಗಿಂತ ಮುಂದೆ. ಟರ್ಮಿನಲ್‌ನಲ್ಲಿ ಡಿಎನ್‌ಎಫ್ ಸಿಸ್ಟಮ್-ಅಪ್‌ಗ್ರೇಡ್ ಡೌನ್‌ಲೋಡ್ ಅಂತ ಆದೇಶ ಕೊಟ್ಟು ಬೇಕಾದ ಆವೃತ್ತಿಯ ಅಂಕಿ ಹೇಳಿದರೆ ಹೊಸ ಪ್ಯಾಕೇಜ್‌ಗಳೆಲ್ಲ ಇಳಿಯುತ್ತವೆ. ನೀವು ಅಷ್ಟೊತ್ತೂ ನಿಮ್ಮ ಕೆಲಸ ಮಾಡುತ್ತಿರಬಹುದು. ಇಳಿದ ಮೇಲೆ ಒಂದಕ್ಕೊಂದು ಹೊಂದುತ್ತದಾ ಅಂತ ಒಣ ಪರೀಕ್ಷೆಯನ್ನೂ ಮಾಡುತ್ತದೆ. ಹೊಂದದಿದ್ದರೆ ಅಲ್ಲೇ ಹೇಳುತ್ತದೆ, ಇನ್ನೂ ಒಂದು ಫೈಲೂ ಬದಲಾಗಿರುವುದಿಲ್ಲ. ಎಲ್ಲ ಸರಿ ಅಂದಮೇಲೆ ನೀವು ರೀಬೂಟ್ ಹೇಳಬೇಕು, ಆಗ ಬೇರೆ ಯಾವ ಪ್ರೋಗ್ರಾಮೂ ಓಡದ ಸ್ಥಿತಿಯಲ್ಲಿ, ನೆಟ್ ಇಲ್ಲದೆಯೇ, ಏರಿಸಿ ಮುಗಿಸುತ್ತದೆ. ನನ್ನ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ನೆಟ್‌ನ ಹೊಸತನ, ಡಿಸ್ಕ್‌ನ ನೆಮ್ಮದಿ, ಎರಡೂ ಒಂದರಲ್ಲೇ. ಕರೆಂಟ್ ಮಾತ್ರ ಹೋಗಬಾರದು, ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಡಿ.

ಡೆಬಿಯನ್‌ನ ಆಪ್ಟ್ ಕೂಡ ಎಲ್ಲವನ್ನೂ ಇಳಿಸಿದ ಮೇಲೆಯೇ ಹಾಕಲು ಶುರುಮಾಡುವುದು. ಅರ್ಧದಲ್ಲಿ ನೆಟ್ ಹೋದರೆ ಮತ್ತೆ ಕೊಟ್ಟಾಗ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ನಾನು ರಾತ್ರಿ ‘ಡೌನ್‌ಲೋಡ್-ಓನ್ಲಿ’ ಆಯ್ಕೆ ಕೊಟ್ಟು ಮಲಗಿ, ಬೆಳಗ್ಗೆ ಕಾಫಿ ಆದಮೇಲೆ ಹಾಕುತ್ತೇನೆ. ಒಂದೇ ಏಟಿಗೆ ಫುಲ್-ಅಪ್‌ಗ್ರೇಡ್ ಕೊಡಬೇಡಿ. ಮೊದಲು ಹೊಸ ಪ್ಯಾಕೇಜ್ ಸೇರಿಸದ ಸಣ್ಣ ಅಪ್‌ಗ್ರೇಡ್, ಆಮೇಲೆ ಪೂರ್ತಿ, ಹೀಗೆ ಎರಡು ಹಂತ ಮಾಡಿ ಅಂತ ಅವರ ರಿಲೀಸ್ ನೋಟ್ಸ್‌ನಲ್ಲೇ ಇದೆ. ಒಂದು ಆವೃತ್ತಿ ಹಾರಿಸಿ ಏರಿಸಬೇಡಿ ಅಂತಲೂ ಇದೆ. 11ರಿಂದ 13ಕ್ಕೆ ಹೋಗಬೇಕಾದರೆ 12ರಲ್ಲಿ ಇಳಿದು ಹೋಗಬೇಕು. ಹೊಸದಾಗಿ ಹಾಕುವವರಿಗೆ ಈ ತಾಪತ್ರಯ ಇಲ್ಲ, ನಿಜ. ಎರಡು ಮೂರು ಆವೃತ್ತಿ ಹಿಂದೆ ಬಿದ್ದವರು ಹೋಮ್ ಫೋಲ್ಡರ್ ಬ್ಯಾಕಪ್ ಮಾಡಿ ಹೊಸದಾಗಿ ಹಾಕುವುದೇ ಬೇಗ ಮುಗಿಯುತ್ತದೆ.

ನಡುವೆ ಡಿಪಿಕೆಜಿ (ಆಪ್ಟ್ ಇಳಿಸಿದ್ದನ್ನು ಹಾಕುವ ಪ್ರೋಗ್ರಾಮ್) ಒಂದು ಪ್ರಶ್ನೆ ಕೇಳುತ್ತದೆ, ಇದಕ್ಕೆ ಜನ ಹೆದರುತ್ತಾರೆ. ಈ ಕಾನ್ಫಿಗ್ ಫೈಲನ್ನು ನೀವು ತಿದ್ದಿದ್ದೀರಿ, ಪ್ಯಾಕೇಜ್‌ನವರೂ ಹೊಸದು ಕಳಿಸಿದ್ದಾರೆ, ಯಾವುದು ಇರಲಿ ಅಂತ. ಡಿ ಒತ್ತಿದರೆ ವ್ಯತ್ಯಾಸ ತೋರಿಸುತ್ತದೆ. ಸುಮ್ಮನೆ ಎಂಟರ್ ಒತ್ತಿದರೆ ನಿಮ್ಮದೇ ಉಳಿಯುತ್ತದೆ. ಗೊತ್ತಾಗದಿದ್ದರೆ ಎಂಟರ್. ಸಮಸ್ಯೆ ಏನೆಂದರೆ ಈ ಪ್ರಶ್ನೆಗೆ ಉತ್ತರ ಕೊಡುವವರೆಗೂ ಅದು ಅಲ್ಲೇ ಕಾಯುತ್ತದೆ. ಶುರುಮಾಡಿ ಹೊರಗೆ ಹೋಗಿ ಬಂದರೆ ಕಾಲು ಭಾಗದಲ್ಲೇ ನಿಂತಿರುತ್ತದೆ. ಯಾರೋ ಅದನ್ನು ಹ್ಯಾಂಗ್ ಆಗಿದೆ ಅಂದುಕೊಂಡು ಪವರ್ ಬಟನ್ ಒತ್ತಿದರೆ ಆಮೇಲೆ ‘ಡಿಪಿಕೆಜಿ ಕಾನ್ಫಿಗರ್ ಎ’ ಕೊಟ್ಟು ರಿಪೇರಿಗೆ ಕೂರಬೇಕು. ಮುಕ್ಕಾಲು ಪಾಲು ಸಲ ಅದರಿಂದಲೇ ಸರಿಹೋಗುತ್ತದೆ ಅನ್ನಿ.

ದೂರದ ಸರ್ವರ್ ಆದರೆ ಟೀಮಕ್ಸ್ (ಸಂಪರ್ಕ ಕಡಿದರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಸಾಧನ) ಒಳಗೆ ಕೂತು ಮಾಡಿ. ಉಬುಂಟುವಿನ ಡು-ರಿಲೀಸ್-ಅಪ್‌ಗ್ರೇಡ್ ಇಲ್ಲಿ ಜಾಣ. ಎಸ್‌ಎಸ್‌ಎಚ್ ಮೂಲಕ ಓಡುತ್ತಿದೆ ಅಂತ ಗೊತ್ತಾದರೆ, ಮುಖ್ಯ ಎಸ್‌ಎಸ್‌ಎಚ್ ಕೈಕೊಟ್ಟರೆ ಇರಲಿ ಅಂತ 1022ನೇ ಪೋರ್ಟ್‌ನಲ್ಲಿ ಇನ್ನೊಂದನ್ನು ತೆರೆದಿಡುತ್ತದೆ. ಫೈರ್‌ವಾಲ್‌ನಲ್ಲಿ ಆ ಪೋರ್ಟ್ ಬಿಡುವುದು ನಿಮ್ಮ ಜವಾಬ್ದಾರಿ. ಹೊರಗಿನ ರೆಪೊಗಳನ್ನೆಲ್ಲ ಏರಿಸುವ ಮುಂಚೆ ಅದೇ ಆಫ್ ಮಾಡುತ್ತದೆ. ಮುಗಿದಮೇಲೆ ಮತ್ತೆ ಆನ್ ಮಾಡಿಕೊಳ್ಳಲು ಮರೆಯಬೇಡಿ, ಇಲ್ಲದಿದ್ದರೆ ಆ ಪ್ರೋಗ್ರಾಮ್‌ಗಳು ಅಲ್ಲೇ ನಿಂತುಹೋಗುತ್ತವೆ.

ಓಪನ್‌ಸೂಸೆಯ ಒಂದು ಗುಣ ನನಗೆ ಹೊಟ್ಟೆಕಿಚ್ಚು ತರಿಸುತ್ತದೆ. ಬಿಟಿಆರ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್ ಮೇಲೆ ಹಾಕಿದ್ದರೆ ಸ್ನ್ಯಾಪರ್ ಅನ್ನುವ ಸಾಧನ ಪ್ರತಿ ಅಪ್‌ಗ್ರೇಡ್‌ಗೂ ಮುಂಚೆ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಪ್ರತಿ, ತೆಗೆದಿಡುತ್ತದೆ. ಕೆಟ್ಟರೆ ಬೂಟ್ ಮೆನುವಿನಲ್ಲಿ ನಿನ್ನೆಯದನ್ನು ಆರಿಸಿ, ಹಿಂದೆ ಬನ್ನಿ. ಎಲ್ಲ ಡಿಸ್ಟ್ರೋದವರೂ ಇದನ್ನು ಮೊದಲ ದಿನವೇ ಕೊಡಬೇಕು.

ಡೇಟಾ ಕಡಿಮೆ ಇರುವವರು ಏನು ಮಾಡಬೇಕು? ಆವೃತ್ತಿ ಏರಿಸುವುದು ಅಂದರೆ ಡೆಸ್ಕ್‌ಟಾಪ್‌ನಲ್ಲಿ ಒಂದು ಜಿಬಿ ದಾಟುವುದು ಮಾಮೂಲು. ಬದಲಾದ ತುಣುಕು ಮಾತ್ರ ಇಳಿಸುವ ಡೆಲ್ಟಾ ಆರ್‌ಪಿಎಂ ಫೆಡೋರಾದಲ್ಲಿ ಇತ್ತು, 40ನೇ ಆವೃತ್ತಿಗೆ ಕೈಬಿಟ್ಟರು. ಮನೆಯಲ್ಲಿ ಮೂರ್ನಾಲ್ಕು ಡೆಬಿಯನ್ ಅಥವಾ ಉಬುಂಟು ಇದ್ದರೆ ಒಂದರಲ್ಲಿ ಆಪ್ಟ್-ಕ್ಯಾಶರ್-ಎನ್‌ಜಿ ಹಾಕಿ, ಉಳಿದವಕ್ಕೆ ಅದರ 3142ನೇ ಪೋರ್ಟ್ ತೋರಿಸಿ. ಒಂದು ಇಳಿಸಿದ್ದನ್ನೇ ಎಲ್ಲವೂ ಹಂಚಿಕೊಳ್ಳುತ್ತವೆ. ನೆಟ್ಟೇ ಇಲ್ಲದ ಕಂಪ್ಯೂಟರ್‌ಗೆ ಆಪ್ಟ್-ಆಫ್‌ಲೈನ್ ಇದೆ. ಅದು ಏನೇನು ಬೇಕು ಅನ್ನುವ ಪಟ್ಟಿಯನ್ನು ಒಂದು ಫೈಲ್‌ನಲ್ಲಿ ಬರೆದುಕೊಡುತ್ತದೆ, ನೆಟ್ ಇರುವ ಕಡೆ ಒಯ್ದು ಇಳಿಸಿ, ಪೆನ್‌ಡ್ರೈವ್‌ನಲ್ಲಿ ವಾಪಸ್ ತಂದು ಹಾಕಬಹುದು. ಡಿವಿಡಿಯಿಂದ ಏರಿಸುವುದಕ್ಕಿಂತ ಇದು ಎಷ್ಟೋ ಪಾಲು ಮೇಲು, ಯಾಕೆಂದರೆ ಪಟ್ಟಿ ನಿಮ್ಮ ಸಿಸ್ಟಮ್‌ನದೇ.

ನೆಟ್ ದಾರಿಗೆ ಒಂದು ಕೊನೆ ತಾರೀಖು ಇದೆ ಅನ್ನುವುದನ್ನು ಮಾತ್ರ ಮರೆಯಬಾರದು. ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿಯಿತು, ಅದರ ಮಿರರ್ ಪಟ್ಟಿಯ ಸರ್ವರ್ರೂ ಮಾಯ. ಅಲ್ಲಿಯವರೆಗೆ ಚೆನ್ನಾಗಿದ್ದ, ಪ್ಯಾಕೇಜ್ ತರುವ ಯಮ್ ಆದೇಶ, ಹೋಸ್ಟ್ ಸಿಗುತ್ತಿಲ್ಲ ಅನ್ನತೊಡಗಿತು. ಪ್ಯಾಕೇಜ್‌ಗಳು ವಾಲ್ಟ್ ಅನ್ನುವ ಹಳೆಯ ಸಂಗ್ರಹಕ್ಕೆ ಹೋಗಿವೆ, ರೆಪೊ ಫೈಲ್‌ನಲ್ಲಿ ವಿಳಾಸ ತಿದ್ದಬೇಕು. ಡೆಬಿಯನ್ ಮತ್ತು ಉಬುಂಟುವಿನ ಹಳೆಯ ಆವೃತ್ತಿಗಳೂ ಹೀಗೇ ಬೇರೆ ವಿಳಾಸಕ್ಕೆ ಹೋಗುತ್ತವೆ. ಡ್ರಾಯರ್‌ನಲ್ಲಿರುವ ಪೂರ್ತಿ ಐಎಸ್‌ಒಗೆ ಇದ್ಯಾವುದರ ಹಂಗೂ ಇಲ್ಲ, ಹತ್ತು ವರ್ಷ ಬಿಟ್ಟು ಹಾಕಿದರೂ ಅಂದಿನ ಹಾಗೇ ಕೂರುತ್ತದೆ. ಅಂಥ ಹಳೆಯದನ್ನು ನೆಟ್‌ಗೆ ಜೋಡಿಸುವುದು ಬೇಡ, ಅದು ಬೇರೆ ಮಾತು.

32 ಬಿಟ್ ಕಂಪ್ಯೂಟರ್ ಇಟ್ಟುಕೊಂಡಿರುವವರಿಗೆ ಈ ಮಾತು ಈಗಲೇ ಅನ್ವಯಿಸುತ್ತದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಆ ಯಂತ್ರಗಳಿಗೆ ಇನ್‌ಸ್ಟಾಲರೂ ಇಲ್ಲ, ಕರ್ನಲ್ಲೂ ಇಲ್ಲ. 12ರಿಂದ ನೆಟ್ ಮೂಲಕ 13ಕ್ಕೆ ಏರಿಸಲು ಹೋಗಬೇಡಿ. ಡೆಬಿಯನ್ 12ರ ಐ386 (32 ಬಿಟ್‌ನ) ಮೊದಲ ಡಿವಿಡಿಯನ್ನು, ನೆಟ್‌ಇನ್‌ಸ್ಟ್ ಅಲ್ಲ, ಡಿವಿಡಿಯನ್ನೇ, ಸುಲಭವಾಗಿ ಸಿಗುವಾಗಲೇ ಇಳಿಸಿ, ಚೆಕ್‌ಸಮ್ ನೋಡಿ, ಎರಡು ಕಡೆ ಇಟ್ಟುಕೊಳ್ಳಿ.